ಮೈಲೇಶನ ಹಗುರ ಊಟ

ಇಷ್ಟಕ್ಕೆಲ್ಲ ಕಾರಣ ಮೈಲೇಶನ ಹೊಟ್ಟೆ. ರಾಣೆಬೆನ್ನೂರಿನ ಬೀಜದ ಅಂಗಡಿಯಲ್ಲಿ ಕೂತು ಕೂತು ಅದು ಅವನಿಗಿಂತ ಒಂದು ಗೇಣು ಮುಂದೆ ನಡೆಯತೊಡಗಿತ್ತು. "ಕರಿದದ್ದು ಬಂದ್ ಮಾಡ್ರಿ. ರಾತ್ರಿ ಊಟ ಹಗುರ ಇರ್ಲಿ. ಸೊಪ್ಪಿನಾಗ ಸುತ್ತಿ ಓವನ್‌ನಾಗ ಬೇಯಿಸಿದ ಮೀನ ತಿನ್ರಿ," ಎಂದರು ಡಾಕ್ಟರು.

ಹೇಳುವವರಿಗೇನು, ಹೇಳಿಬಿಡುತ್ತಾರೆ! ಮೈಲೇಶ ಇದ್ದದ್ದು ಹೊನ್ನವ್ವನ ಮನೆಯ ಮಾಳಿಗೆಯ ಮೇಲೆ, ಬಾಡಿಗೆಗೆ. ಆಕೆಯದು ಒಂದೇ ಶರತ್ತು: ಮೀನು, ಮಾಂಸ, ತತ್ತಿ ಮೆಟ್ಟಿಲು ಹತ್ತಕೂಡದು. ಹತ್ತಿದರೆ ಅವತ್ತೇ ಗಂಟುಮೂಟೆ. ಎರಡು ವರ್ಷದಲ್ಲಿ ಮೂರು ಮನೆ ಬದಲಿಸಿ ಸುಸ್ತಾಗಿದ್ದ ಹೆಂಡತಿ ಕಾವೇರಿ, ಅವತ್ತು ಮುಂಜಾನೆ ಗುತ್ತಲದ ತವರಿಗೆ ಹೊರಟಾಗ ಹೊಸ್ತಿಲಲ್ಲೇ ನಿಂತು ಹೇಳಿದ್ದಳು: "ಈ ಮನೀನೂ ಬಿಡಿಸಿದ್ರ ನಾ ಹೊಳ್ಳಿ ಬರೂದಿಲ್ಲ ನೋಡ್ರಿ. ಖರೇ ಹೇಳಾಕತ್ತೇನಿ."

ಆದರೆ ಹೊಳೆದಂಡೆಯ ಮೇಡ್ಲೇರಿಯಲ್ಲಿ ಹುಟ್ಟಿದ ನಾಲಿಗೆ ಕೇಳಬೇಕಲ್ಲ! ಸಂಜೆ ಐದಕ್ಕೆ ಒಂದು ರೋಹು ಮೀನು ಬೀಜದ ಚೀಲದಲ್ಲಿ ಕೂತು ಮೆಟ್ಟಿಲು ಹತ್ತಿತು. ಮೈಲೇಶ ಅದಕ್ಕೆ ಲಿಂಬೆರಸ, ಬೆಳ್ಳುಳ್ಳಿ ಸವರಿ, ಮೆಂತ್ಯೆ ಪಾಲಕ್ ಸೊಪ್ಪಿನಲ್ಲಿ ಎಳೆಗೂಸಿನಂತೆ ಸುತ್ತಿ, ಭಾವಮೈದುನ ಕೊಟ್ಟ ಪುಟ್ಟ ಓವನ್ನಿನಲ್ಲಿಟ್ಟ. ಸೊಪ್ಪು ಹೊದ್ದ ಮೀನಿಗೆ ವಾಸನೆ ಇರುವುದಿಲ್ಲ ಎಂದು ಅವನಿಗೆ ಯಾರು ಹೇಳಿದ್ದರೋ!

ಹತ್ತೇ ನಿಮಿಷಕ್ಕೆ ವಾಸನೆ ಮೆಟ್ಟಿಲಿಳಿಯಿತು. ಎದುರುಮನೆಯ ನಿರ್ಮಲಾ ಕೂಗಿದಳು: "ಹೊನ್ನವ್ವಾರ, ಏನೋ ಬ್ಯಾರೆ ನಮೂನಿ ವಾಸನಿ ಬರಾಕತ್ತೈತಿ. ನಿಮ್ಮ ಮಾಳಗಿ ಮ್ಯಾಲಿಂದನ!"

ಮೈಲೇಶ ಒಲೆಯತ್ತ ಓಡಿದ. ವಾಸನೆ ಮುಚ್ಚಲು ಮೆಣಸಿನಕಾಯಿಯ ಘಾಟೇ ಸೈ ಎಂದು, ಬ್ಯಾಡಗಿಯ ಸೋದರತ್ತೆ ಕಳಿಸಿದ ಕೆಂಪು ಕಾಯಿಗಳನ್ನು ಹಿಡಿ ತುಂಬ ಕಾದ ಹಂಚಿಗೆ ಸುರಿದ. ಓಣಿಗೆ ಓಣಿಯೇ ಕೆಮ್ಮುತ್ತ ಓಡಬೇಕಿತ್ತು. ಬ್ಯಾಡಗಿ ಕಾಯಿ ಹೆಸರು ಮಾಡಿದ್ದು ಬಣ್ಣಕ್ಕೆ, ಖಾರಕ್ಕಲ್ಲ ಎಂಬುದು ಆ ಗಾಬರಿಯಲ್ಲಿ ನೆನಪಾಗಲಿಲ್ಲ.

ಯಾರೋ ಬಾಗಿಲು ದಡದಡ ಬಡಿದರು. ತೆರೆದರೆ ಹೊನ್ನವ್ವ, ಬೆನ್ನಿಗೆ ನಿರ್ಮಲಾ.

"ಏನ ನಡಸೀರಿ ಮೈಲೇಶಪ್ಪ? ಹಂಚಿನಾಗ ಏನದು?"

"ದೃ... ದೃಷ್ಟಿ ರೀ! ಈ ಹೊಟ್ಟಿ ನೋಡಿ ಯಾರದೋ ಕಣ್ಣ ಬಿದ್ದೈತಿ. ತಕ್ಕೊಳ್ಳಾಕತ್ತಿದ್ದೆ."

ಹೊನ್ನವ್ವ ಹಂಚಿನ ಮೇಲೆ ಬಗ್ಗಿ ಉಸಿರೆಳೆದಳು. ಸೀನು ಬರಲಿಲ್ಲ. ನಿರ್ಮಲಾ ಎಳೆದಳು. ಕೆಮ್ಮೂ ಇಲ್ಲ. ಇಬ್ಬರೂ ಮುಖ ಮುಖ ನೋಡಿಕೊಂಡರು. ಮೆಣಸಿನಕಾಯಿ ಸುಟ್ಟಾಗ ಘಾಟು ಬಂದರೆ ದೃಷ್ಟಿಯಿಲ್ಲ, ಬಾರದಿದ್ದರೆ ತಾಗಿದೆ ಎಂದೇ ಅರ್ಥ. ಆ ಓಣಿಯಲ್ಲಿ ಇದಕ್ಕೆ ಎರಡು ಮಾತಿಲ್ಲ.

"ಅಯ್ಯ ನಮ್ಮವ್ವ! ಹಿಡಿ ಕಾಯಿ ಸುಟ್ರೂ ಒಂದ ಸೀನಿಲ್ಲ! ಈ ವಾಸನೀನೂ ಆ ದೃಷ್ಟೀದ ನೋಡ್ರಿ," ನಿರ್ಮಲಾ ಸೆರಗನ್ನು ಮೂಗಿಗೆ ಹಿಡಿದಳು.

ಸರಿಯಾಗಿ ಆಗಲೇ ಓವನ್ನು ಟಿಂಗ್ ಎಂದಿತು.

"ಅದರಾಗ ಏನೈತಿ?" ಹೊನ್ನವ್ವ ಕೇಳಿದಳು.

"ಪಲ್ಲೆ ರೀ. ಬರೇ ಮೆಂತ್ಯೆ ಪಲ್ಲೆ."

ಆಕೆ ಓವನ್ನಿನ ಬಾಗಿಲು ತೆರೆದಳು. ಮೈಲೇಶ ಕಣ್ಣು ಮುಚ್ಚಿ ಊರ ದೇವರನ್ನೆಲ್ಲ ಕರೆದ. ಪುಣ್ಯಕ್ಕೆ ಮೇಲೆ ಸೊಪ್ಪಷ್ಟೇ ಕಂಡಿತು.

"ದೃಷ್ಟಿ ತಾಗಿದಾಂವ ಮಾಡಿದ್ದು ತಿನ್ನಬಾರದು. ನಿಂದರ್ರಿ ಸುಮ್ನ." ಹೊನ್ನವ್ವ ಸೆರಗಿನಲ್ಲಿ ತಟ್ಟೆ ಹಿಡಿದು ಅವನಿಗೆ ಮೂರು ಸಲ ನಿವಾಳಿಸಿದಳು. ಮೂರು ದಾರಿ ಕೂಡುವಲ್ಲಿ ಇಟ್ಟುಬರಲು ಇಬ್ಬರೂ ಹೊರಟೇಬಿಟ್ಟರು.

ಮೈಲೇಶ ಖಾಲಿ ಓವನ್ನಿನ ಮುಂದೆ ಕೂತ. ಮೀನು ಹೋದರೆ ಹೋಗಲಿ, ಮನೆ ಉಳಿಯಿತು! ಡಬ್ಬಿಯಲ್ಲಿದ್ದ ಮಂಡಕ್ಕಿ ಬಾಯಿಗೆ ಹಾಕಿಕೊಂಡ. ಅದಕ್ಕಿಂತ ಹಗುರ ಊಟ ಯಾವುದಿದೆ?

ಎರಡನೇ ಮುಕ್ಕಿಗೆ ಕೆಳಗೆ ಚೀರಾಟ ಎದ್ದಿತು. ದಾರಿ ಕೂಡುವಲ್ಲಿ ಬೆಕ್ಕುಗಳು ಸೊಪ್ಪನ್ನು ಬಿಡಿಸಿದ್ದವು. ಹೊನ್ನವ್ವ ಬೆವರುತ್ತ ಏರಿ ಬಂದಳು.

"ಮೈಲೇಶಪ್ಪಾ! ನಿಮ್ಮ ಪಲ್ಲೆ ಮೀನಾಗೈತ್ರಿ! ತಲಿ, ಬಾಲ, ಎಲ್ಲಾ ಐತಿ!"

ಮೈಲೇಶ ಮಂಡಕ್ಕಿ ಡಬ್ಬಿಯ ಮುಚ್ಚಳ ಹಾಕಿದ.

"ಪಾಪ, ನೀವೇನ ಮಾಡ್ತೀರಿ. ದೃಷ್ಟಿ ತಾಗಿದ್ದು ನಿಮಗಲ್ಲ, ಈ ಮಾಳಗಿ ಮನಿಗೆ. ಶಾಂತಿ ಮಾಡಿಸಿ ವರ್ಷತನಕಾ ಬೀಗ ಹಾಕ್ಬೇಕು. ನಾಳೆನ ಖಾಲಿ ಮಾಡ್ರಿ."

"ಅಲ್ರೀ, ಅದು ದೃಷ್ಟಿ ಅಲ್ರೀ, ಅದು..." ಎಂದವನು ಅಲ್ಲಿಗೇ ನಿಲ್ಲಿಸಿದ. ಖರೇ ಹೇಳಿದರೆ ಇವತ್ತೇ ಹೊರಗೆ; ಸುಮ್ಮನಿದ್ದರೆ ನಾಳೆ. ಅವನ ಕಣ್ಣೆದುರು ಕಾವೇರಿ ಗುತ್ತಲದ ಹೊಸ್ತಿಲಲ್ಲಿ ಭದ್ರವಾಗಿ ಕೂತಿದ್ದಳು.

ಹೊನ್ನವ್ವನಿಗೆ ಕರುಳು ಚುರ್ ಎಂದಿತು. "ಚಿಂತಿ ಮಾಡಬ್ಯಾಡ್ರಿ. ಹಿಂದಿನ ಓಣ್ಯಾಗ ನಮ್ಮ ತಂಗೀ ಮನಿ ಖಾಲಿ ಐತಿ. ನಾನ ಹೇಳ್ತೇನಿ ಆಕಿಗೆ, ಈ ಮನಷ್ಯಾ ಜನ್ಮದಾಗ ಮೀನ ಮುಟ್ಟಿಲ್ಲ ಅಂತ."