ಹೆಬ್ಬೆರಳಿನ ವಿಭಾಗ

ನಮ್ಮ ಕನ್ನಡ ಸಂಘದ ಡಿಜಿಟಲ್ ಗ್ರಂಥಾಲಯವನ್ನು ಒಪ್ಪ ಮಾಡಲು ಒಂದು ಭಾನುವಾರ ಧಾರಾಳವಾಗಿ ಸಾಕು ಎಂದು ನಾನು ಸಭೆಯಲ್ಲಿ ಎದ್ದು ನಿಂತು ಘೋಷಿಸಿದೆ. ಯಾರೂ ಕೇಳಿರಲಿಲ್ಲ. ಆದರೂ ಎದ್ದೆ. ಅದೇ ನನ್ನ ಕಾಯಿಲೆ.

ಸದಸ್ಯರು ಹಳೆಯ ಪುಸ್ತಕಗಳನ್ನು ಮನೆಮನೆಯ ಊಟದ ಮೇಜಿನ ಮೇಲಿಟ್ಟು, ಮೊಬೈಲಿನಲ್ಲಿ ಪುಟಪುಟದ ಫೋಟೊ ತೆಗೆದು ಕಳಿಸಿದ್ದರು. ಎಲ್ಲವೂ ಕಲಸುಮೇಲೋಗರವಾಗಿ ಬಿದ್ದಿದ್ದವು. ಅವನ್ನು ತಾನಾಗಿಯೇ ವಿಂಗಡಿಸುವ ತಂತ್ರಾಂಶವೊಂದು ನನಗೆ ಸಿಕ್ಕಿತ್ತು. ಕಥೆ ಕಥೆಗೆ, ಕವನ ಕವನಕ್ಕೆ! ಫೋಟೊ ಇದೆಯಲ್ಲ, ಇನ್ನೇಕೆ ಧೂಳು ಎಂದು ನಮ್ಮ ಕಿದ್ವಾಯಿ ನಗರದ ಕ್ವಾರ್ಟರ್ಸಿನಲ್ಲಿದ್ದ ಹರಿದ ಪುಸ್ತಕಗಳ ಕಟ್ಟನ್ನು ರದ್ದಿ ಕೊಳ್ಳಲು ಬರುವ ಕಬಾಡಿ ಭಯ್ಯಾನಿಗೆ ಕೊಟ್ಟೂಬಿಟ್ಟೆ.

"ರೀ, ನನ್ನ ನಾಟಕ ಅದರಲ್ಲಿತ್ತಲ್ವಾ?" ಎಂದಳು ನನ್ನ ಹೆಂಡತಿ ವಸುಧಾ.

ಹಳೆಯ ಸದಸ್ಯರೊಬ್ಬರು ಕೈಯಲ್ಲಿ ಬರೆದಿಟ್ಟಿದ್ದ ನಾಟಕ. ಇದ್ದದ್ದು ಒಂದೇ ಪ್ರತಿ. ವರ್ಷಗಟ್ಟಲೆ ಸಂಘದ ಕಾರ್ಯಕ್ರಮಗಳಿಗೆ ಉಪ್ಪಿಟ್ಟು ಕೆದಕಿದ ಅವಳಿಗೆ ಮೊದಲ ಸಲ ನಾಯಕಿಯ ಪಾತ್ರ ಸಿಕ್ಕಿತ್ತು.

"ಚಿಂತೆ ಬಿಡು, ಕಂಪ್ಯೂಟರಲ್ಲಿದೆ," ಎಂದು ಗುಂಡಿ ಒತ್ತಿ ಕಾಫಿಗೆ ಕೂತೆ.

ಬಂದು ನೋಡಿದರೆ ವಿಂಗಡಣೆ ಮುಗಿದಿತ್ತು. ವಿಭಾಗಗಳು ಹೀಗಿದ್ದವು: ಚೊಂಬು. ಲಟ್ಟಣಿಗೆ. ಹೂವಿನ ಮೇಜುಬಟ್ಟೆ. ಹೆಬ್ಬೆರಳು!

ಆ ತಂತ್ರಾಂಶ ಮಹಾಶಯನಿಗೆ ಕನ್ನಡವೇ ಬರುತ್ತಿರಲಿಲ್ಲ. ಅಕ್ಷರ ಬಿಟ್ಟು, ಪುಟ ಮಗುಚದಿರಲೆಂದು ನಮ್ಮವರು ಹೇರಿದ್ದ ಅಡುಗೆಮನೆ ಸಾಮಾನನ್ನೂ ಒತ್ತಿ ಹಿಡಿದಿದ್ದ ಬೆರಳನ್ನೂ ಗುರುತಿಸಿ ಜೋಡಿಸಿತ್ತು. ಮೊದಲಿನಂತೆ ಮಾಡೋಣವೆಂದರೆ, ಜಾಗ ಉಳಿಯಲಿ ಎಂದು ಹಳೆಯ ಫೋಲ್ಡರನ್ನು ನಾನೇ ಅಳಿಸಿದ್ದೆ.

ಫರೀದಾಬಾದಿನಲ್ಲಿ ಹೋಟೆಲು ನಡೆಸುವ ಕಾರ್ಯದರ್ಶಿ ಪ್ರಭುಗಳ ಫೋನು ಬಂತು. "ಏನ್ ಸಾರ್, ಕವನ ಹುಡುಕಿದ್ರೆ ಲಟ್ಟಣಿಗೆ ಬರ್ತದಲ್ಲ! ಅದು ನಮ್ಮನೇದೇ. ನಮ್ಮವಳು ಗುರುತು ಹಿಡಿದ್ಳು."

"ಅಚ್ಛಾ," ಎಂದೆ.

ವಸುಧಾ ಕೂಗಾಡಲಿಲ್ಲ. ಅದೇ ಭಯ. ಕಣ್ಣೊರೆಸಿಕೊಂಡು ಕೇಳಿದಳು: "ನಾಟಕದ ಫೋಟೊ ತೆಗೆದಿದ್ದು ಯಾರು?"

"ನಾನೇ."

"ಹಾಗಾದ್ರೆ ಹೆಬ್ಬೆರಳಲ್ಲಿ ನೋಡಿ."

ಸಿಕ್ಕಿತು! ಪುಟಪುಟದಲ್ಲೂ ಬಾಗಿಲಿಗೆ ಸಿಕ್ಕಿ ಕಪ್ಪಾಗಿದ್ದ ನನ್ನ ಉಗುರು. ಆದರೆ ಕೊನೆಯ ಪುಟದಲ್ಲಿ ಬೆರಳು ಕ್ಯಾಮೆರಾಕ್ಕೇ ಅಡ್ಡ ಬಂದಿತ್ತು. ನಾಯಕಿ ಗಂಡನಿಗೆ ಹೇಳುವ ಕೊನೆಯ ಮಾತು ಪೂರ್ತಿ ಅದರಡಿಯಲ್ಲಿ!

"ಏನೋ ಸಮಾಧಾನದ ಮಾತಿರಬೇಕು," ಎಂದೆ.

ಅವಳು ನನ್ನನ್ನೇ ನೋಡಿದಳು. "ಬಿಡಿ. ನಾನೇ ಹೇಳ್ಕೋತೀನಿ."

ನಾಟಕದ ದಿನ ನಾನು ಮುಂದಿನ ಸಾಲಿನಲ್ಲಿ ಕೂತಿದ್ದೆ. ಕೊನೆಯ ದೃಶ್ಯ. ಗಂಡನ ಪಾತ್ರದಲ್ಲಿದ್ದ ಪ್ರಭುಗಳತ್ತ ತಿರುಗಿ ವಸುಧಾ ಶುರುಮಾಡಿದಳು:

"ಯಾರೂ ಕೇಳದ ಕೆಲಸಕ್ಕೆ ಕೈ ಹಾಕ್ತೀರಿ. ಇದ್ದದ್ದನ್ನೂ ಹಾಳು ಮಾಡ್ತೀರಿ. ಆಮೇಲೆ ಕಾಫಿ ಕೇಳ್ತೀರಿ. ನಂಗೆ ಸುಸ್ತಾಗಿದೆ ರೀ!"

ಹೆಂಗಸರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ವೇದಿಕೆಯ ಮೇಲಿದ್ದ ಗಂಡನನ್ನು ಯಾರೂ ನೋಡುತ್ತಿರಲಿಲ್ಲ. ಇಡೀ ಸಭಾಂಗಣ ನನ್ನ ಕಡೆ ತಿರುಗಿತ್ತು.

ಮನೆಗೆ ಬಂದ ಮೇಲೆ, "ಇವತ್ತು ಕಾಫಿ ನಾನು ಮಾಡ್ತೀನಿ," ಎಂದು ಎದ್ದೆ.

"ಅಯ್ಯೋ, ದಮ್ಮಯ್ಯ, ನೀವೇನೂ ಮಾಡ್ಬೇಡಿ!"

ಕೂತೆ. ಅದೊಂದನ್ನು ತಪ್ಪಿಲ್ಲದೆ ಮಾಡಿದೆ.