ನಾರಾಯಣಸ್ವಾಮಿಗಳ ನಿರ್ದೋಷಿ ಸೀನು

ಅನರ್ಥಕ್ಕೆಲ್ಲ ಮೂಲ ಬ್ಯಾಡಗಿ ಮೆಣಸಿನಕಾಯಿ. ಇಂಗ್ಲೆಂಡಿನ ನವೆಂಬರ್ ಚಳಿಗೆ ಎಜ್‌ಬಾಸ್ಟನ್ನಿನ ಮನೆಯ ಕಿಟಕಿಗಳನ್ನೆಲ್ಲ ಬಿಗಿದುಕೊಂಡು, ರತ್ನಮ್ಮನವರು ಬೆಳಗ್ಗೆಯೇ ಸಾರಿನ ಪುಡಿಗೆ ಕೂತಿದ್ದರು. ಅಡುಗೆಮನೆಯ ಬಾಗಿಲ ಹಿಂದೆ ತೂಗುತ್ತಿದ್ದ ಯಜಮಾನರ ಉಣ್ಣೆಯ ಮಫ್ಲರು, ಹಬ್ಬಕ್ಕೆ ಬಂದ ಅಳಿಯ ಪಾಯಸ ಹೀರಿದಂತೆ, ಆ ಘಾಟನ್ನೂ ಹಾರಿದ ಪುಡಿಯನ್ನೂ ಹೀರಿಕೊಂಡಿತು.

ಯಜಮಾನರಾದ ನಾರಾಯಣಸ್ವಾಮಿಗಳು ಇಲ್ಲಿಯ ಶಾಲೆಯೊಂದರಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಬೆನ್ನುನೋವಿನಿಂದ ಬೇಸಿಗೆಯಿಂದಲೂ ಕುರ್ಚಿಯಲ್ಲೇ ಕುಳಿತು ನಿದ್ರಿಸುತ್ತಿದ್ದರು. ಎಂ.ಆರ್.ಐ. ಸ್ಕ್ಯಾನಿಗೆ ಆಸ್ಪತ್ರೆ ಕೊನೆಗೂ ಅಂದು ಬರಹೇಳಿತ್ತು. ಇದು ತಪ್ಪಿದರೆ ಮತ್ತೆ ಸರದಿಯ ಬಾಲ.

ಸ್ಕ್ಯಾನ್ ವಿಭಾಗವನ್ನು ಹೊಕ್ಕವರೇ ಸೀನಿದರು. ಸಂಕೋಚದಿಂದ ಕೊರಳಿನ ಅದೇ ಮಫ್ಲರಿನಲ್ಲಿ ಮೂಗು ಮುಚ್ಚಿದರು. ಇನ್ನೂ ಜೋರಾಗಿ ಸೀನಿದರು. ಮರ್ಯಾದೆ ಹೆಚ್ಚಿದಷ್ಟೂ ಸೀನು ಹೆಚ್ಚಿತು. ಹಂದಿಜ್ವರದ ಕಾಲ, ಕಾಯುತ್ತಿದ್ದವರು ಹಲ್ಲಿಗಳಂತೆ ಗೋಡೆಗಂಟಿದರು.

ಸ್ಕ್ಯಾನ್ ಯಂತ್ರ ನಡೆಸುವ ಮಾಳವಿಕಾ ಮಾಸ್ಕು ಹಿಡಿದು ಓಡಿಬಂದಳು. ಅವರ ಬೀದಿಯ ಹುಡುಗಿಯೇ.

"ಸಾರಿ ಅಂಕಲ್, ನಿಮ್ಮನ್ನ ಸೈಡ್ ರೂಮಲ್ಲಿ ಕೂರಿಸ್ಬೇಕು. ಫ್ಲೂ ಇರಬಹುದು."

"ಹಂದಿಜ್ವರ? ನನಗೆ? ಬೆಳ್ಳುಳ್ಳೀನೂ ಹೊಸಿಲು ದಾಟಿಸಿದವನಲ್ಲ ಕಣಮ್ಮ ನಾನು!"

"ಅದು ಮಡಿ ನೋಡ್ಕೊಂಡು ಬರಲ್ಲ ಅಂಕಲ್. ಯೋಚನೆ ಮಾಡ್ಬೇಡಿ, ಸ್ಕ್ಯಾನ್ ಇವತ್ತೇ ಆಗತ್ತೆ. ಫ್ಲೂ ಡೌಟ್ ಇರೋರನ್ನ ಲಾಸ್ಟ್ ಸ್ಲಾಟಲ್ಲಿ ಮಾಡಿ, ಆಮೇಲೆ ರೂಮೆಲ್ಲ ಒರೆಸಿ ಮುಚ್ಚಿಬಿಡ್ತೀವಿ."

ಅವರ ಹೊತ್ತು ಮುಂದಿನವರ ಪಾಲಾಯಿತು. ಸುದ್ದಿಯೋ, ಮಧ್ಯಾಹ್ನದೊಳಗೆ ಕನ್ನಡ ಬಳಗವನ್ನೆಲ್ಲ ಸುತ್ತಿಬಂತು. ಬಳಗದ ಕಾರ್ಯದರ್ಶಿ ಕಾಶೀಬಾಯಿಯವರ ಫೋನು:

"ಭಾನುವಾರದ ರಾಜ್ಯೋತ್ಸವಕ್ಕೆ ನೀವು ಬರೋದು ಬೇಡ ಬಿಡಿ ಸ್ವಾಮಿಗಳೇ. ಅಧ್ಯಕ್ಷತೆ ನಮ್ಮನೆಯವರೇ ವಹಿಸ್ತಾರೆ. ನೀವು ಕಷಾಯ ಕುಡಿದು ಮಲಗಿ."

ಬೆನ್ನಿನ ನೋವನ್ನಾದರೂ ಸಹಿಸಬಹುದು, ಇದನ್ನಲ್ಲ! ಸಂಜೆ ಸೈಡ್ ರೂಮಿಗೆ ಬಂದ ಆಸ್ಪತ್ರೆಯ ಡಾಕ್ಟರ್ ಕರಬಸಪ್ಪನವರಿಗೆ ಸ್ವಾಮಿಗಳು ಕೈಮುಗಿದರು.

"ಡಾಕ್ಟ್ರೇ, ಈ ಕಳಂಕ ತೊಳೀರಿ! ಅಲ್ಲೀತನಕ ನಾನು ಸುಮ್ಮನಿರೋನಲ್ಲ!"

ಡಾಕ್ಟರು ಜ್ವರ ನೋಡಿದರು, ಇಲ್ಲ. ಗಂಟಲು ನೋಡಿದರು, ಸ್ವಚ್ಛ. ಕಡೆಗೆ ಕೈಗವಸಿನ ಎರಡು ಬೆರಳಲ್ಲಿ ಮಫ್ಲರನ್ನು ಎತ್ತಿ ಕೊಡವಿದರು. ಮಾಸ್ಕಿನೊಳಗೇ ಸಿಡಿಲಿನಂಥ ಸೀನು!

"ಏನ್ರೀ ಇದು, ಮಫ್ಲರ್ ತುಂಬ ಖಾರಪುಡಿ ಐತಲ್ರೀ!" ಎಂದರು, ಕಣ್ಣಲ್ಲಿ ನೀರು ಸುರಿಸುತ್ತ. "ಮಾಳವಿಕಾ, ಇವರಿಗೆ ಫ್ಲೂ ಇಲ್ಲ. ಬ್ಯಾಡಗಿ ಐತಿ!"

ನಾರಾಯಣಸ್ವಾಮಿಗಳು, ಕೋರ್ಟಿನಲ್ಲಿ ಗೆದ್ದವರಂತೆ, ನೋಯುವ ಬೆನ್ನನ್ನೂ ನೆಟ್ಟಗೆ ಮಾಡಿದರು. ಕಾಶೀಬಾಯಿಯವರಿಗೆ ತಾವೇ ಫೋನು ಮಾಡಿ, ಭಾನುವಾರದ ಕುರ್ಚಿ ತಮ್ಮದೇ ಎಂದು ಸಾರಿದರು.

"ಕಂಗ್ರಾಟ್ಸ್ ಅಂಕಲ್! ಇನ್ನು ಮನೆಗೆ ಹೋಗ್ಬಹುದು," ಎಂದಳು ಮಾಳವಿಕಾ.

"ನನ್ನ ಸ್ಕ್ಯಾನು?"

"ಉಳಿದಿರೋದು ಫ್ಲೂ ಸ್ಲಾಟ್ ಒಂದೇ. ನಿಮಗೆ ಫ್ಲೂ ಇಲ್ವಲ್ಲ! ಅದನ್ನ ವಾರ್ಡಲ್ಲಿ ಕೆಮ್ತಿರೋರೊಬ್ಬರಿಗೆ ಕೊಟ್ವಿ, ಈಗ ಬರ್ತಿದಾರೆ. ನಿಮ್ಮ ಹೊಸ ಡೇಟು ಯುಗಾದಿ ಹೊತ್ತಿಗೆ ಬರತ್ತೆ."

ಸ್ವಾಮಿಗಳು ಅತ್ತಿತ್ತ ನೋಡಿ ದನಿ ತಗ್ಗಿಸಿದರು.

"ಮಗೂ, ಆ ಮಫ್ಲರು... ಒಂದೇ ನಿಮಿಷ ಕೊಡ್ತೀಯಾ?"

"ಫ್ಲೂ ರೂಮಲ್ಲಿ ಇದ್ದಿದ್ದಲ್ವಾ ಅಂಕಲ್? ಹಳದಿ ಚೀಲದಲ್ಲಿ ಸುಡೋಕೆ ಕಳಿಸಿಬಿಟ್ರು."

ನಾರಾಯಣಸ್ವಾಮಿಗಳು ಟಿಶ್ಯೂ ಕಾಗದದ ತುದಿಯನ್ನು ಬತ್ತಿಯಂತೆ ಹೊಸೆದು, ಕಣ್ಣುಮುಚ್ಚಿ, ಮೂಗಿನ ಎರಡೂ ಹೊಳ್ಳೆಗಳಲ್ಲಿ ಆಡಿಸಿದರು. ಏನೂ ಆಗಲಿಲ್ಲ. ಮೂಗು ಅವರ ಚಾರಿತ್ರ್ಯದಷ್ಟೇ ನಿರ್ಮಲವಾಗಿತ್ತು.