ಮರ ಕಡಿದು ಮಾಡಿದ ನೆನಪಿನ ಹಬ್ಬ

ಕಲ್ಲುಗುಡ್ಡ ಉದ್ಯಾನದ ನೆನಪಿನ ಹಬ್ಬ ಸಮಿತಿಯ ಅಧ್ಯಕ್ಷರೂ, ಅಜ್ಜಂಪುರದ ನಾಲ್ಕು ದಿಕ್ಕಿನ ಫ್ಲೆಕ್ಸ್‌ಗಳಲ್ಲಿ ಹಗಲಿರುಳು ಕೈಮುಗಿದು ನಿಂತಿರುವವರೂ ಆದ ಶ್ರೀ ದೇವೀರಪ್ಪನವರ ಸನ್ನಿಧಿಗೆ, ಇದೇ ಊರಿನ ನಿವೃತ್ತ ಗ್ರಂಥಪಾಲಕಿ ವಿಮಲಮ್ಮ ತಲೆಬಾಗಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ನಮ್ಮ ಉದ್ಯಾನಕ್ಕೆ ಇಪ್ಪತ್ತೈದು ವರ್ಷ ತುಂಬಿತೆಂದು ಕಳೆದ ಭಾನುವಾರ ತಾವು ನಡೆಸಿದ ಹಬ್ಬ ಬಹಳ ಸೊಗಸಾಗಿತ್ತು. ಸುತ್ತಮುತ್ತಲ ಜನರೆಲ್ಲ ಅಲ್ಲಿನ ತಮ್ಮ ನೆನಪುಗಳನ್ನು ಬರೆದುಕೊಡಬೇಕೆಂದು ತಾವು ಕೇಳಿದಿರಿ, ತರೀಕೆರೆ ಕಡೂರುಗಳಿಂದಲೂ ಜನ ಬರೆದು ಕೊಟ್ಟರು. ಅರವತ್ತು ದಾಟಿದ ತಾವಂತೂ ಬಾಲ್ಯದಲ್ಲಿ ಇದೇ ಉದ್ಯಾನದಲ್ಲಿ ಉಯ್ಯಾಲೆಯಾಡಿದ್ದನ್ನು ನೆನೆದು ಗದ್ಗದಿತರಾದಿರಿ. ಆಗಿನ್ನೂ ಹುಟ್ಟದ ಉದ್ಯಾನದಲ್ಲಿ ಆಡಿ ಬೆಳೆದ ಭಾಗ್ಯ ಎಷ್ಟು ಜನರಿಗೆ ಸಿಗುತ್ತದೆ?

ಹಾಲಮ್ಮನವರ ನೆನಪನ್ನು ಅವರು ಹೇಳಿದಂತೆ ಬರೆದುಕೊಟ್ಟವಳು ನಾನೇ. ಅವರ ಗಂಡ ಬೀರಪ್ಪ ಉದ್ಯಾನದ ಕಾವಲುಗಾರರಾಗಿದ್ದರು. ಬರೀ ಕಲ್ಲುನೆಲವಾಗಿದ್ದ ಅಲ್ಲಿ ಒಂದು ಹೊಂಗೆ ಸಸಿ ನೆಟ್ಟು, ಪಕ್ಕದ ಕೆರೆಯೂ ಬತ್ತಿದ ಬೇಸಿಗೆಯಲ್ಲಿ ಗಂಡ ಹೆಂಡತಿ ಇಬ್ಬರೂ ಅರ್ಧ ಮೈಲಿಯಿಂದ ಕೊಡ ಹೊತ್ತು ಅದನ್ನು ಉಳಿಸಿಕೊಂಡವರು. ಬೀರಪ್ಪ ತೀರಿಕೊಂಡು ಮೂರು ವರ್ಷವಾಯಿತು. ಮಗಳ ಬಾಣಂತನಕ್ಕೆ ಲಿಂಗದಹಳ್ಳಿಗೆ ಹೋಗಿದ್ದ ಹಾಲಮ್ಮ, ಹಬ್ಬಕ್ಕೆಂದೇ ಆ ಬೆಳಿಗ್ಗೆ ಬಸ್ಸಿಳಿದು ಬಂದರು. ಬಂದವರು ವೇದಿಕೆಯನ್ನು ಒಂದು ಸುತ್ತು ಹಾಕಿ ನನ್ನ ಹತ್ತಿರ ನಿಂತು, "ವಿಮಲಕ್ಕ, ನಾವು ಬೇರೆ ಬಾಗ್ಲಲ್ಲಿ ಬಂದ್ವಾ? ಮರ ಕಾಣ್ತಿಲ್ಲ" ಎಂದು ಕೇಳಿದರು.

ವೇದಿಕೆಯ ಫ್ಲೆಕ್ಸಿನಲ್ಲಿ ತಮ್ಮ ಎಡಗೆನ್ನೆಗೆ ಅಡ್ಡ ಬರುತ್ತದೆಂದು ಹದಿನೈದು ದಿನ ಮೊದಲೇ ತಾವು ಆ ಮರವನ್ನು ಕಡಿಸಿದ್ದಿರಿ ಎಂಬುದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಕೆಂಪು ಹಾಸಿನ ಅಂಚಿನಲ್ಲಿ ಇಣುಕುತ್ತಿದ್ದ ಬುಡವನ್ನು ಅವರೇ ನೋಡಿಕೊಂಡರು.

ಹೆಸರು ಕರೆದಾಗ ಅವರು ಮೈಕಿನ ಮುಂದೆ ನಿಂತು, "ನಮ್ಮನೆಯವ್ರು ನೆಟ್ಟಿದ್ದ ಮರ ಎಲ್ಲೈತೆ ಕಣ್ರಪ್ಪಾ?" ಎಂದಷ್ಟೇ ಕೇಳಿದರು. ತಾವು ತಮ್ಮ ಎಂದಿನ ಔದಾರ್ಯದಿಂದ ಮೈಕ್ ಕಿತ್ತುಕೊಂಡು, "ಒಂದು ಮರ ಹೋದ್ರೇನಮ್ಮ, ನೂರು ಸಸಿ ಕೊಡಿಸ್ತೀನಿ" ಎಂದಿರಿ. ಸಮಿತಿಯವರು ಚಪ್ಪಾಳೆ ತಟ್ಟಿದರು. ಹಾಲಮ್ಮ, "ನೀವು ಕೊಡಿಸ್ತೀರಿ ಸ್ವಾಮಿ, ನೀರು ಯಾರು ಹೊರ್ತಾರೆ?" ಎಂದು ಕೆಳಗಿಳಿದರು.

ಮುಂದಿನ ಸರದಿ ಕಡೂರಿನ ಬಸವೇಶನದು. ಸೈಕಲ್ ಕಲಿತದ್ದು ಅಲ್ಲೇ ಎಂದು ಹೇಳಲು ಬಂದಿದ್ದ ಆತ ಎದ್ದು, "ನಾನು ಇಲ್ಲಿ ಹೇಳಲ್ಲ ಕಣ್ರೀ" ಎಂದು ಕೆರೆಯ ಪಕ್ಕದ ಹುಣಸೆಮರದತ್ತ ನಡೆದ. ಹಾಲಮ್ಮನನ್ನು ಕೈಹಿಡಿದು ಕರೆದುಕೊಂಡು ನಾನೂ ನಡೆದೆ, ಹಿಂದೆ ಜನರೆಲ್ಲ ಬಂದರು. ನಾನೂರು ಕುರ್ಚಿಗಳಿಗೂ ಒಬ್ಬ ಮೈಕಿನವನಿಗೂ ಪರಿಸರಪ್ರೇಮ ಕುರಿತು ಮುಕ್ಕಾಲು ಗಂಟೆ ಭಾಷಣ ಮಾಡಿದ ತಮ್ಮ ಏಕಾಗ್ರತೆಯನ್ನು ನಾವು ದೂರದಿಂದಲೇ ಮೆಚ್ಚಿಕೊಂಡೆವು.

ಹುಣಸೆಯ ಕೆಳಗೆ ಹಾಲಮ್ಮ ಬಾಯಿಬಿಟ್ಟರು. ಗಂಡ ಹೋದ ಮೇಲೆ ಪ್ರತಿ ಸೋಮವಾರ ರೊಟ್ಟಿ ಕಟ್ಟಿಕೊಂಡು ಹೋಗಿ ಹೊಂಗೆಯ ನೆರಳಲ್ಲಿ ಕೂತು ಮನೆಯ ಸಮಾಚಾರವನ್ನೆಲ್ಲ ಬೀರಪ್ಪನವರಿಗೆ ಹೇಳುತ್ತಿದ್ದರಂತೆ. ಮೊಮ್ಮಗಳು ಹುಟ್ಟಿದ ಸುದ್ದಿಯನ್ನು ಮೊದಲು ಅಲ್ಲೇ ಹೇಳಬೇಕೆಂದು ಹಟ್ಟಿಯಲ್ಲಿ ಯಾರಿಗೂ ಹೇಳದೆ ಇಟ್ಟುಕೊಂಡು ಬಂದಿದ್ದರಂತೆ. ಕೇಳುತ್ತಿದ್ದ ಗಂಡಸರೂ ಕಣ್ಣೊರೆಸಿಕೊಂಡರು.

ಮರುದಿನ ಸೋಮವಾರ. ನಾನೂ ಅವರ ಜೊತೆ ಹೋದೆ. ಬುಡದ ಹತ್ತಿರ ಅವರು ಕೂರಲಿಲ್ಲ, ನಿಂತೇ, "ಹೆಣ್ಣುಮಗು, ನಿಮ್ದೇ ಮೂಗು" ಎಂದರು. ಅಷ್ಟೇ. ಇನ್ನಷ್ಟು ಹೊತ್ತು ಇರಿ ಎಂದೆ. "ಬ್ಯಾಡ ಅಕ್ಕ, ಬಿಸ್ಲಲ್ಲಿ ಅವ್ರನ್ನ ಎಷ್ಟೊತ್ತು ಕೂರಿಸ್ಕಂಡು ಮಾತಾಡ್ಸದು" ಎಂದು ಹೊರಟುಬಿಟ್ಟರು.

ಆದಕಾರಣ ಘನ ಅಧ್ಯಕ್ಷರಲ್ಲಿ ಬಿನ್ನಹ: ತಮ್ಮ ಪ್ರಭಾವ ಬಳಸಿ ಸೂರ್ಯನಿಗೆ ಸೋಮವಾರ ರಜೆ ಕೊಡಿಸಬೇಕು. ಆಗದಿದ್ದರೆ, ಇಪ್ಪತ್ತೈದು ವರ್ಷದ ನೆರಳನ್ನು ಯಾವುದಾದರೂ ಅಂಗಡಿಯಿಂದ ತರಿಸಿ ಆ ಜಾಗದಲ್ಲಿ ಹಾಸಿಸಬೇಕು. ಅದೂ ಆಗದಿದ್ದರೆ, ತಾವೇ ವಾರಕ್ಕೊಮ್ಮೆ ಅಲ್ಲಿ ಕೈಚಾಚಿ ನಿಲ್ಲುವ ಕೃಪೆ ಮಾಡಬೇಕು. ಒಬ್ಬರಿಗಾದರೂ ತಮ್ಮಿಂದ ನೆರಳು ಸಿಕ್ಕಿತೆಂದು ನಾವು ಹೇಳಿಕೊಳ್ಳಬಹುದು.

ಇಷ್ಟು ದಿನ ತಮ್ಮನ್ನು ದೊಡ್ಡವರೆಂದು ನಂಬಿದ್ದ ತಪ್ಪಿಗೆ ಕ್ಷಮೆ ಕೋರುತ್ತಾ,
ತಮ್ಮ ವಿಶ್ವಾಸಿ,
ವಿಮಲಮ್ಮ

ತಾ.ಕ.: ಆ ಮಧ್ಯಾಹ್ನ ಹಬ್ಬದ ಪಾಯಸವನ್ನು ಯಾರೋ ಹುಣಸೆಯ ಕೆಳಗೂ ತಂದು ಬಡಿಸಿದರು. ಹಸಿದಿದ್ದ ಹಾಲಮ್ಮ ಎರಡು ಸಲ ಹಾಕಿಸಿಕೊಂಡು, ಚೆನ್ನಾಗಿದೆ ಎಂದರು. ಅಡುಗೆಯವರು ಒಲೆಗೆ ಹಾಕಿದ್ದು ಅದೇ ಹೊಂಗೆಯ ಕೊಂಬೆಗಳನ್ನು ಎಂದು ನನಗೆ ತಿಳಿದದ್ದು ನಿನ್ನೆ. ಅವರಿಗೆ ನಾನಿನ್ನೂ ಹೇಳಿಲ್ಲ. ಮೈಕ್ ಹಿಡಿದು ಅಭ್ಯಾಸವಿರುವ ತಾವೇ ಬಂದು ಹೇಳಿ.